ಪಡಸಾಲೆಯ ಶೂಟಿಂಗು ಮತ್ತು ನಾದಿನಿ ತಂದ ಸಕ್ಕರೆ

ಆಳಂದದ ನಮ್ಮ ಮನೆಯ ಪಡಸಾಲೆಯಲ್ಲಿ ಸಿನಿಮಾ ತೆಗೆಯುತ್ತೇನೆಂದು ನಾದಿನಿಯ ಮಗ ಕೇಳಿದಾಗ ನಮ್ಮ ಯಜಮಾನರು ತೊಗರಿ ಚೀಲಗಳ ಬಗ್ಗೆ ಮಾತ್ರ ವಿಚಾರಿಸಿದರು. ರಾಶಿಯ ದಿನಗಳು. ರೈತರ ಧಾನ್ಯ ಮಾರಿಸಿಕೊಡುವ ಅವರ ಅಡತಿ ಅಂಗಡಿಯಲ್ಲಿ ಹಿಡಿಯದೆ ಉಳಿದ ಚೀಲಗಳು ಪಡಸಾಲೆಯ ಅರ್ಧ ಜಾಗ ಆವರಿಸಿದ್ದವು. ಚೀಲಗಳು ಇದ್ದಲ್ಲೇ ಇರಲಿ, ಚೆಂದ ಕಾಣುತ್ತವೆ ಎಂದು ಹುಡುಗ ಹೇಳಿದ. ಹಾಗಾದರೆ ಇದು ತೊಗರಿಯ ಬಗೆಗಿನ ಸಿನಿಮಾ ಎಂದುಕೊಂಡು ಅವರು ಅಂಗಡಿಗೆ ಹೋದರು. ಶೂಟಿಂಗ್ ಮುಗಿಯುವವರೆಗೂ ಅವರ ಆ ತಿಳಿವಳಿಕೆಯನ್ನು ಯಾರೂ ಕದಲಿಸಲಿಲ್ಲ.

ನನಗೆ ಮಾತ್ರ ಅವನು ನಿಜ ಹೇಳಿದ. ನಾನು ಅಡುಗೆಮನೆಯಲ್ಲಿ ಪುಂಡಿಪಲ್ಯ ಸೋಸುತ್ತ ಕುಳಿತಿದ್ದೆ. ಎದುರು ಕುಳಿತು ತಾನೂ ಒಂದು ಕಟ್ಟು ಎಳೆದುಕೊಂಡ. ಎಲೆಗಳನ್ನು ಬಿಸಾಡಿ ದಂಟುಗಳನ್ನು ಬುಟ್ಟಿಗೆ ಹಾಕುತ್ತಿದ್ದ.

"ಅತ್ತಿ, ಇದು ಇಬ್ಬರು ಹುಡುಗರ ಲವ್ ಸ್ಟೋರಿ ಅದ," ಎಂದ. ಇನ್ನೂ ನಾಲ್ಕಾರು ದಂಟು ಬುಟ್ಟಿಗೆ ಬಿದ್ದ ಮೇಲೆ, "ನಂದೂ ಅದೇ ಅದ," ಎಂದ.

ಇನ್ನೊಬ್ಬ ಯಾರೆಂದು ನಾನು ಕೇಳಬೇಕಾಗಲಿಲ್ಲ. ಹೊರಗೆ ಚೀಲದ ಮೇಲೆ ಕುಳಿತು ಅಂಗಿಯ ತುದಿಯಿಂದ ಲೆನ್ಸ್ ಒರೆಸುತ್ತಿದ್ದ ಕ್ಯಾಮೆರಾದವನ ಕಡೆ ಅವನೇ ನೋಡಿದ. ಜೇವರ್ಗಿಯ ಹುಡುಗ. ಲಗ್ನದ ವಿಡಿಯೋ ತೆಗೆಯುವ ಕೆಲಸ. ಕಲಬುರಗಿಯಲ್ಲಿ ಇಬ್ಬರೂ ಒಂದೇ ಖೋಲಿಯಲ್ಲಿ ಇರುತ್ತಾರೆ ಎನ್ನುವುದು ನಮಗೆಲ್ಲ ಗೊತ್ತಿತ್ತು. ಬಾಡಿಗೆ ಹಂಚಿಕೊಳ್ಳಲು ಎಂದು ತಿಳಿದಿದ್ದೆವು.

ತೊಂದರೆ ಇದ್ದದ್ದು ಬೇರೆ ಕಡೆ. ನಮ್ಮಲ್ಲಿ ಅಣ್ಣತಮ್ಮಂದಿರ ಹೆಣ್ಣುಮಗಳ ಮೇಲೆ ಅಕ್ಕತಂಗಿಯರಿಗೆ ಹಕ್ಕಿರುತ್ತದೆ. ನನ್ನ ಮಗಳನ್ನು ತೊಟ್ಟಿಲಿಗೆ ಹಾಕಿದ ದಿನವೇ, ಇವಳು ನನ್ನ ಸೊಸೆ ಎಂದು ನಾದಿನಿ ಮಂದಿಯ ಮುಂದೆ ಹೇಳಿಬಿಟ್ಟಿದ್ದಳು. ಈ ರಾಶಿ ಮುಗಿದ ಮೇಲೆ ಗೊಬ್ಬೂರಿನಿಂದ ಬಂದು, ಸಕ್ಕರೆ ಹಂಚಿ ಮಾತು ಗಟ್ಟಿ ಮಾಡುವವಳಿದ್ದಳು. ಗಂಡ ತೀರಿದ ಮೇಲೆ ಹೊಲಮನೆ ಒಬ್ಬಳೇ ನೋಡಿಕೊಂಡು ಬೆಳೆಸಿದ ಒಬ್ಬನೇ ಮಗ. ಅಷ್ಟರೊಳಗೆ ಅವಳಿಗೆ ಹೇಳಬೇಕು. ಹೇಳಿದ ಮೇಲೂ ಅವಳು ತನಗೆ ಉಳಿಯಬೇಕು. ಅವನಿಗೆ ಇದ್ದ ಚಿಂತೆ ಇದೊಂದೇ.

ಅದಕ್ಕಾಗಿ ಅವನು ಕಂಡುಕೊಂಡ ಹಾದಿ, ಮೊದಲು ಸಿನಿಮಾ ಮಾಡುವುದು, ಆಮೇಲೆ ಅದನ್ನು ಅವ್ವನಿಗೆ ತೋರಿಸುವುದು. ನನಗೆ ಇದು ಸುತ್ತಿನ ದಾರಿ ಎನಿಸಿತು. ಕಾನ್ವೆಂಟಿನಲ್ಲಿ ನಮ್ಮ ಸಿಸ್ಟರ್‌ಗಳು, ಹೇಳುವುದಿದ್ದರೆ ಎದ್ದು ನಿಂತು ಹೇಳಬೇಕು ಎಂದು ಕಲಿಸಿದ್ದರು. ಅದನ್ನೇ ಅವನಿಗೆ ಹೇಳಿದೆ. "ನಿಂತ್ರ ಕಾಲು ನಡಗ್ತಾವ, ಅತ್ತಿ," ಎಂದ. ಅವನು ಹೋದ ಮೇಲೆ ಬುಟ್ಟಿಯಿಂದ ದಂಟುಗಳನ್ನು ತೆಗೆದೆ.

ಮಗಳಿಗೆ ಮೆಲ್ಲಗೆ ತಿಳಿಸೋಣವೆಂದು ಹೋದರೆ ಅವಳಿಗೆ ಕಾಲೇಜು ಸೇರಿದಾಗಿನಿಂದಲೇ ಗೊತ್ತಿತ್ತಂತೆ. ಸಿನಿಮಾದಲ್ಲಿ ಸೀಮೆಸುಣ್ಣದಿಂದ ಶಾಟ್ ನಂಬರು ಬರೆದು ಕ್ಲ್ಯಾಪ್ ಹಲಗೆ ಬಡಿಯುವ ಕೆಲಸ ಒಪ್ಪಿಕೊಂಡಿದ್ದಳು.

ಕಥೆ ಸಣ್ಣದು. ಆಳಂದದವನೊಬ್ಬ, ಜೇವರ್ಗಿಯವನೊಬ್ಬ. ಮೊಬೈಲಿನ ಆ್ಯಪ್ ಒಂದರಲ್ಲಿ ಪರಿಚಯ. ಹತ್ತಿರ ಯಾರಿದ್ದಾರೆಂದು ಅದು ತೋರಿಸುತ್ತದಂತೆ. ಆಳಂದದಲ್ಲಿ ತೋರಿಸಲು ಯಾರೂ ಸಿಗದೆ ಜೇವರ್ಗಿಯವನನ್ನು ತೋರಿಸುತ್ತದೆ. ಸಿನಿಮಾದ ಮುಕ್ಕಾಲು ಭಾಗ ಇಬ್ಬರೂ ಬಸ್ ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾಯುತ್ತಾರೆ. ಪ್ರೀತಿಯಲ್ಲಿ ಕಾಯುವುದೇ ಹೆಚ್ಚೇನಪ್ಪ ಎಂದು ಕೇಳಿದೆ. ಹಾಗಲ್ಲ, ಬಸ್ ಸ್ಟ್ಯಾಂಡಿಗೆ ಬಾಡಿಗೆ ಇಲ್ಲ ಎಂದ. ಬೆಳಕಿಗೆ ಫ್ರಿಜ್ ಬಂದ ಪೆಟ್ಟಿಗೆಯ ಥರ್ಮಾಕೋಲ್ ಹಿಡಿಯುತ್ತಿದ್ದರು. ಸದ್ದಾಗಬಾರದೆಂದು ಫ್ರಿಜ್ಜನ್ನೂ ಫ್ಯಾನನ್ನೂ ಆರಿಸಿದ್ದರು. ಹಾಲು ಒಡೆಯಿತು. ಕೋಲಿನ ತುದಿಯ ಮೈಕಿಗೆ ಬೂದು ಬಣ್ಣದ ತುಪ್ಪಳ ಹೊದಿಸಿದ್ದರು. ನಮ್ಮ ಬೆಕ್ಕು ಅದನ್ನು ನೋಡಿ ಅಟ್ಟ ಹತ್ತಿದ್ದು ಶೂಟಿಂಗ್ ಮುಗಿದ ಮೇಲೆಯೇ ಇಳಿಯಿತು.

ಕೊನೆಯ ದೃಶ್ಯದಲ್ಲಿ ಆಳಂದದವನು ಜೇವರ್ಗಿಯವನನ್ನು ತಾಯಿಯ ಮುಂದೆ ಕರೆತಂದು ನಿಲ್ಲಿಸಬೇಕು. ತಾಯಿಯಾಗಬೇಕಿದ್ದ ನಟಿಗೆ ಯಾವುದೋ ಧಾರಾವಾಹಿ ಸಿಕ್ಕಿತು. ಪಾಠ ಬಾಯಿಪಾಠ ಮಾಡಿ ರೂಢಿಯಿರುವವಳು ಮನೆಯಲ್ಲಿ ನಾನೊಬ್ಬಳೇ ಎಂದು ನನ್ನನ್ನು ನಿಲ್ಲಿಸಿದರು.

ಅಂದು ಬೆಳಿಗ್ಗೆ ಅಂಗಳದಲ್ಲಿ ತಾಲೀಮು ನಡೆಯಿತು. ಇಬ್ಬರು ನಟರೂ ಹೊಸ ಅಂಗಿ ತೊಟ್ಟಿದ್ದರು. ಒಂದು ತಾಟಿನಲ್ಲಿ ತೆಂಗಿನಕಾಯಿ, ಬಾಳೆಹಣ್ಣು, ಒಂದು ಸೀರೆ. ಅಳಿಯ, ಅಂದರೆ ನಾದಿನಿಯ ಮಗ, ಅವರ ನಡುವೆ ನಿಂತು, ತಾಟನ್ನು ಎರಡೂ ಕೈಯಿಂದ ಹಿಡಿಯಬೇಕು, ತಲೆ ಬಗ್ಗಿಸಬೇಕು ಎಂದು ಹೇಳಿಕೊಡುತ್ತಿದ್ದ. ಪಕ್ಕದ ಮನೆಯಾಕೆ ಮಾಳಿಗೆಯ ಮೇಲೆ ಸಂಡಿಗೆ ಒಣಹಾಕುತ್ತಿದ್ದಳು. ಆಕೆಯ ತವರು ಗೊಬ್ಬೂರು. ಸೋದರಮಾವನ ಮನೆಯ ಬಾಗಿಲಲ್ಲಿ ಹುಡುಗ, ಜೊತೆಗೆ ಗೆಳೆಯರು, ಹಣ್ಣಿನ ತಾಟು, ಸೀರೆ, ವಿಡಿಯೋದವನು. ನಮ್ಮ ಕಡೆಯ ಯಾರು ನೋಡಿದ್ದರೂ ಬೇರೆ ಅರ್ಥ ಮಾಡುತ್ತಿರಲಿಲ್ಲ. ಆಕೆ ಸಂಡಿಗೆ ಬಿಟ್ಟು ನಾದಿನಿಗೆ ಫೋನ್ ಮಾಡಿದಳು.

ಮಧ್ಯಾಹ್ನದ ಹೊತ್ತಿಗೆ ನಾದಿನಿ ಬಂದಳು. ಕಲಬುರಗಿಯಲ್ಲಿ ಬಸ್ ಬದಲಿಸಿ ಬಂದಿದ್ದಳು. ಇಳಕಲ್ ಸೀರೆ, ಹಣೆಯಲ್ಲಿ ವಿಭೂತಿ, ಕೈಚೀಲದಲ್ಲಿ ಸಕ್ಕರೆ. ತಾಯಿಗೆ ಹೇಳದೆ ಮಗ ತಾನೇ ಮುಂದಾಗಿದ್ದಾನೆಂದು ಒಂದಿಷ್ಟು ಸಿಟ್ಟು, ಆದರೂ ಮುಂದಾದನಲ್ಲ ಎಂದು ಅದಕ್ಕಿಂತ ಹೆಚ್ಚು ಖುಷಿ. ನನ್ನ ಮಗಳ ಕೆನ್ನೆಗೆ ಹತ್ತಿದ್ದ ಸೀಮೆಸುಣ್ಣವನ್ನು ಸೆರಗಿನಿಂದ ಒರೆಸಿ, ಇಂಥ ದಿನ ಇಂಥ ಪ್ಯಾಂಟ್ ಹಾಕಿದ್ದೇಕೆಂದು ಕೇಳಿದಳು.

ಅಳಿಯ, ಇದು ಸಿನಿಮಾ ಎಂದ. ಅವಳು ಕ್ಯಾಮೆರಾ, ಥರ್ಮಾಕೋಲ್, ತುಪ್ಪಳದ ಮೈಕು ಎಲ್ಲವನ್ನೂ ಒಮ್ಮೆ ನೋಡಿ ತೊಗರಿ ಚೀಲದ ಮೇಲೆ ಕುಳಿತಳು.

"ನಡೀಲಿ, ಮುಗಿಸ್ರಿ. ಆಮ್ಯಾಲ ಸಕ್ಕರಿ ಹಂಚೂಣು."

ಅವನು ಶೂಟಿಂಗ್ ನಿಲ್ಲಿಸುತ್ತಾನೆ ಎಂದುಕೊಂಡೆ. ನನ್ನನ್ನೊಮ್ಮೆ ನೋಡಿದ. ಕ್ಯಾಮೆರಾದ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತ. ಶುರು ಮಾಡಿರಿ ಎಂದ.

ಮಗನ ಪಾತ್ರದವನು ಬ್ಯಾಂಕಿನಲ್ಲಿ ಕ್ಲರ್ಕ್. ತನ್ನ ಮಾತನ್ನು ಸ್ಪಷ್ಟವಾಗಿ ಹೇಳಿದ: "ಅವ್ವಾ, ನಾ ಬಾಳೋದು ಇವನ ಜೋಡಿ. ಲಗ್ನ ಅಂದ್ರೂ ಇವನ ಜೋಡೀನೇ." ಜೊತೆಗಾರ ತಾಟು ಮುಂದೆ ಚಾಚಿದ. "ನನ್ನ ಕರುಳಿನ ಕುಡಿಯೇ, ನಿನ್ನ ಸುಖವೇ ನನ್ನ ಸುಖ" ಎಂದು ಹೇಳಿ ನಾನು ಇಬ್ಬರನ್ನೂ ಅಪ್ಪಿಕೊಳ್ಳಬೇಕಿತ್ತು. ಒಂದಕ್ಷರ ತಪ್ಪದೆ ಹೇಳಿದೆ. ಶಾಲೆಯ ರೂಢಿಯಂತೆ ಕೈಗಳು ಬೆನ್ನ ಹಿಂದೆ ಕಟ್ಟಿಕೊಂಡಿದ್ದರಿಂದ ಅಪ್ಪುಗೆ ಮಾತ್ರ ತಡವಾಯಿತು.

ಕಟ್ ಆಯಿತು. ನಾದಿನಿ ನನ್ನ ಕಡೆ ನೋಡುತ್ತಿದ್ದಳು.

"ಹಿಂಗ ಯಾವ ತಾಯಿ ಮಾತಾಡ್ತಾಳಬೇ?"

ಬರೆದದ್ದು ನಾನಲ್ಲ, ನಿಮ್ಮ ಮಗ ಎಂದೆ. ಅವಳು ಅವನ ಕಡೆ ತಿರುಗಿದಳು.

"ಯಾರ ತಾಯೀನ ನೋಡಿ ಬರದಿ?"

ಫ್ಯಾನ್ ಇಲ್ಲದ, ಫ್ರಿಜ್ ಇಲ್ಲದ ಮನೆ ಎಷ್ಟು ಸುಮ್ಮನಿರುತ್ತದೆಂದು ನನಗೆ ಅಂದು ತಿಳಿಯಿತು. ಅಳಿಯ ಕುಳಿತಲ್ಲಿಂದಲೇ ನೆಲ ನೋಡುತ್ತ ಹೇಳಿದ: "ನೋಡಿ ಬರದಿಲ್ಲವ್ವ. ಅದಕ್ಕೇ ತಪ್ಪಾಗ್ಯದ. ಆಕಿ ಏನಂತಾಳ, ನೀನೇ ಹೇಳು."

ಅವಳ ಮುಖದಲ್ಲಿ ಏನೂ ಬದಲಾಗಲಿಲ್ಲ. ಕೈಚೀಲದ ಹಿಡಿಕೆಯನ್ನು ಮಾತ್ರ ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು, ಮತ್ತೆ ಸುತ್ತಿಕೊಂಡಳು.

"ಆಕಿ ಏನೂ ಅನ್ನಂಗಿಲ್ಲ," ಎಂದಳು. "ಆ ಹುಡುಗನ ಊರು ಕೇಳ್ತಾಳ."

"ಜೇವರ್ಗಿ."

"ತಾಯಿ ತಂದಿ?"

"ತಂದಿ ಇಲ್ಲ. ತಾಯಿ ಅದಾಳ."

ಸಿನಿಮಾದ ಹುಡುಗನಿಗೆ ತಂದೆಯೂ ಇದ್ದ, ನಾನು ಓದಿದ್ದೆ. ತಾಟು ಹಿಡಿದವನು ಏನೋ ಹೇಳಲು ಬಾಯಿ ತೆರೆದು, ಮುಚ್ಚಿಕೊಂಡ.

"ತಾಯಿಗಿ ಗೊತ್ತದನ?" ನಾದಿನಿ ಕೇಳಿದಳು.

"ಗೊತ್ತದ."

"ಏನಂದಳು?"

ಅಳಿಯ ಕ್ಯಾಮೆರಾದ ಕಡೆ ತಿರುಗಿದ. ಕ್ಯಾಮೆರಾದವನು ತಲೆ ಎತ್ತಿದ. "ಏನೂ ಅನ್ಲಿಲ್ರಿ, ಅವ್ವಾರ. ಸ್ವಲ್ಪ ದಿನ ನನ್ನ ಪಾಲಿನ ರೊಟ್ಟಿ ಬಡೀಲಿಲ್ಲ. ಆಮ್ಯಾಲ ಬಡದಳ್ರಿ."

ನಾದಿನಿ ಅವನನ್ನು ಆ ದಿನ ಮೊದಲ ಸಲ ನೋಡಿದಳು. ಅವನ ಅಂಗಿಯ ತುದಿ ಲೆನ್ಸ್ ಒರೆಸಿ ಒರೆಸಿ ಕಪ್ಪಾಗಿತ್ತು. ಅವಳು ಅದನ್ನೂ ನೋಡಿದಳು. ಆಮೇಲೆ ಎದ್ದು ಒಳಗೆ ಹೋದಳು.

ನಾನು ಹಿಂದೆಯೇ ಹೋದೆ. ಕೊಡದಿಂದ ತಾನೇ ನೀರು ತೆಗೆದುಕೊಂಡು, ತಂಬಿಗೆ ಎತ್ತಿ ಕುಡಿಯುತ್ತಿದ್ದಳು. ಕುಡಿದು ಮುಗಿಸಿ, ನಿನಗೆ ಗೊತ್ತಿತ್ತೇನು ಎಂದು ಕೇಳಿದಳು. ಗೊತ್ತಿತ್ತು ಎಂದೆ. ನಿನ್ನ ಮಗಳಿಗೆ? ಆಕೆಗೆ ನನಗಿಂತ ಮೊದಲು ಎಂದೆ.

"ಅಂದ್ರ ನನಗೊಬ್ಬಾಕಿಗೇ ಸಿನಿಮಾ ತೆಗೀಬೇಕಾಯ್ತು."

ಕಾನ್ವೆಂಟಿನಲ್ಲಿ ಇದಕ್ಕೆ ಏನೂ ಕಲಿಸಿರಲಿಲ್ಲ. ಶುಭಕ್ಕೆಂದು ತಂದ ಸಕ್ಕರೆಯನ್ನು ಹೊಳ್ಳಿ ಒಯ್ಯುವ ಪದ್ಧತಿ ನಮ್ಮಲ್ಲಿ ಇಲ್ಲ. ಅವಳು ಚೀಲ ನನ್ನ ಕೈಗೆ ಕೊಟ್ಟು, ಹೊರಗಿನ ಹುಡುಗರಿಗೆ ಚಹಾ ಮಾಡಿಕೊಡು ಎಂದಳು. ಹಾಲು ಒಡೆದಿದ್ದರಿಂದ ಕರಿ ಚಹಾ ಮಾಡಿದೆ. ಅವಳು ಕುಡಿಯಲಿಲ್ಲ. ಬಸ್ ಸ್ಟ್ಯಾಂಡಿನವರೆಗೆ ಬರುತ್ತೇನೆ ಎಂದ ಮಗನಿಗೆ ಬರಬೇಡ ಎಂದಳು. ಅವನು ಎದ್ದು ನಿಂತಿದ್ದ. ಕಾಲುಗಳು ನಿಜವಾಗಿಯೂ ನಡುಗುತ್ತಿದ್ದವು.

ಬೆಳಕು ಹೋಗುವ ಮೊದಲು ದೃಶ್ಯವನ್ನು ಮತ್ತೆ ತೆಗೆದರು. ಕರುಳಿನ ಕುಡಿಯ ಮಾತನ್ನು ಅಳಿಯ ಕಿತ್ತುಹಾಕಿದ್ದ. ತಾಯಿ ಊರು ಕೇಳುತ್ತಾಳೆ, ಒಳಗೆ ಹೋಗುತ್ತಾಳೆ, ನೀರು ಕುಡಿಯುತ್ತಾಳೆ. ನನಗೆ ಸುಲಭವಾಯಿತು, ಕೈಗಳಿಗೂ ಕೆಲಸ ಸಿಕ್ಕಿತ್ತು.

ಆಮೇಲೆ ಬೀಗರು ಬಿಜ್ಜರಲ್ಲಿ ಒಂದು ಸುದ್ದಿ ಹಬ್ಬಿತು. ಹುಡುಗಿ ಇನ್ನೂ ಓದುತ್ತೇನೆಂದು ಹಟ ಹಿಡಿದಿದ್ದಾಳೆ, ಅದಕ್ಕೆ ಈ ಸಂಬಂಧ ಬೇಡವಾಯಿತು ಎಂದು. ಹಬ್ಬಿಸಿದವಳು ನಾದಿನಿಯೇ. ಯಾರೋ ಬಸುರಿಯ ಕುಬಸದಲ್ಲಿ ಮೂವರು ಮುದುಕಿಯರು ನನ್ನ ಮಗಳಿಗೆ, ಹೆಣ್ಣಿಗೆ ಇಷ್ಟು ಸೊಕ್ಕು ಬರಬಾರದು ಎಂದು ಬುದ್ಧಿ ಹೇಳಿದರು. ಅವಳು ಹೌದ್ರಿ ಎಂದು ಕೇಳಿಸಿಕೊಂಡು ಬಂದಳು. ಯಜಮಾನರು ಸಿನಿಮಾ ಪೂರ್ತಿ ನೋಡಿದರು. ತೊಗರಿ ಕಡಿಮೆ ತೋರಿಸಿದ್ದಾನೆ ಎಂದರು. ಅವರಿಗೆ ಎಷ್ಟು ಅರ್ಥವಾಯಿತೋ ನಾನು ಕೇಳಲಿಲ್ಲ. ಆದರೆ ಗೊಬ್ಬೂರಿಗೆ, ಅಕ್ಕನ ಮನೆಗೆ, ಹೋಗಿಬರುವುದನ್ನು ಹೆಚ್ಚು ಮಾಡಿದರು.

ಮಗ ಫೋನ್ ಮಾಡಿದರೆ ನಾದಿನಿ ಎತ್ತುತ್ತಿದ್ದಳು. ಉಂಡಿಯಾ ಎಂದು ಕೇಳಿ ಇಡುತ್ತಿದ್ದಳು. ಹೀಗೆ ಮಳೆಗಾಲ ಕಳೆಯಿತು. ತೊಗರಿ ಮತ್ತೆ ಹೂವಿಗೆ ಬಂತು.

ಹೊಲದಲ್ಲಿ ಕೂಡಿ ಕಾಳು-ಸೊಪ್ಪಿನ ಭಜ್ಜಿ ಉಣ್ಣುವ ಎಳ್ಳಮಾಸಿ ಹತ್ತಿರ ಬಂದಾಗ ಅವಳು ನನಗೆ ಫೋನ್ ಮಾಡಿದಳು. ಅವಳ ಹಿಂದಿನಿಂದ ಹವಳಗಾ ಸಕ್ಕರೆ ಕಾರ್ಖಾನೆಗೆ ಕಬ್ಬು ಒಯ್ಯುವ ಟ್ರ್ಯಾಕ್ಟರುಗಳ ಹಾಡು ಕೇಳುತ್ತಿತ್ತು. ಅದು ದೂರವಾದ ಮೇಲೆ, ಆ ಸಿನಿಮಾದಲ್ಲಿ ಒಳಗೆ ಹೋದ ತಾಯಿ ಆಮೇಲೆ ಹೊರಗೆ ಬಂದಳೋ ಇಲ್ಲವೋ ಎಂದು ಕೇಳಿದಳು. ಇಲ್ಲ, ನೀರು ಕುಡಿಯುವಲ್ಲಿಗೆ ಮುಗಿಯುತ್ತದೆ ಎಂದೆ.

"ಅಷ್ಟಕ್ಕ ಹ್ಯಾಂಗ ಮುಗೀತದ?" ಎಂದಳು. "ಎಳ್ಳಮಾಸಿಗಿ ಹೊಲಕ್ಕ ಬಾ ಅನ್ನು ಅವಗ. ಆ ಜೇವರ್ಗಿಯವನನ್ನೂ ಕರಕೊಂಡು ಬಾ ಅನ್ನು. ಭಜ್ಜಿ ಭಾಳ ಮಾಡ್ತೇನಿ, ಉಳದ್ರ ಕೆಡ್ತದ."

ನಾನು ಆಗಲೇ ಅಳಿಯನಿಗೆ ಫೋನ್ ಹಚ್ಚಿ, ಅವಳು ಹೇಳಿದ್ದನ್ನು ಹಾಗೆಯೇ ಒಪ್ಪಿಸಿದೆ. ಅವನು ಇನ್ನೊಮ್ಮೆ ಹೇಳೆಂದ. ಹೇಳಿದೆ. ಕ್ಯಾಮೆರಾದವನ ಹೆಸರು ಹಿಡಿದು ಹೇಳಿದಳೇನು ಎಂದು ಕೇಳಿದ. ಇಲ್ಲ, ಜೇವರ್ಗಿಯವನು ಅಂದಳು ಎಂದೆ.

ಅವನು ಫೋನ್ ಇಡಲಿಲ್ಲ. ಆಮೇಲೆ ಫೋನನ್ನು ಬಾಯಿಂದ ದೂರ ಹಿಡಿದು, ಗೊಬ್ಬೂರಿನ ಹೊಲದಲ್ಲಿ ಗಾಳಿ ಬಹಳ ತಂಪಿರುತ್ತದೆ, ಸ್ವೆಟರ್ ಇಟ್ಟುಕೋ ಎಂದು ಖೋಲಿಯಲ್ಲಿ ಯಾರಿಗೋ ಹೇಳುವುದು ಕೇಳಿಸಿತು.