ವಾಚನಾಲಯದಲ್ಲಿ ಮಲಗಿದ್ದ ಆರು ಜನ

ಅರವತ್ತರ ದಶಕದ ಆರಂಭದಲ್ಲಿ ನಾನು ಚಿಕ್ಕಬಳ್ಳಾಪುರದ ಒಂದು ಸಣ್ಣ ವಾರಪತ್ರಿಕೆಯಲ್ಲಿ ಉಪಸಂಪಾದಕ. ಹೆಸರಿಗೆ ಉಪಸಂಪಾದಕ, ವರದಿ ಬರೆಯುವುದು, ಪ್ರೂಫ್ ತಿದ್ದುವುದು, ಅಂಚೆಗೆ ಹಾಕುವುದು ಎಲ್ಲ ನಾನೇ. ವಯಸ್ಸು ಇನ್ನೂ ಮೂವತ್ತೆರಡು. ಆಗಲೇ ‘ಈಗಿನ ಹುಡುಗರು’ ಎಂದು ಮಾತು ಶುರುಮಾಡುವ ಚಟ ಹತ್ತಿತ್ತು.

ಸಾದಲಿ ಹತ್ತಿರದ ಒಂದು ಹಳ್ಳಿಗೆ ವರದಿಗೆಂದು ಹೋದವನು ಅಲ್ಲಿಯ ವಾಚನಾಲಯಕ್ಕೆ ಇಣುಕಿದೆ. ನಡುಮಧ್ಯಾಹ್ನ. ಆರು ಜನ ಯುವಕರು ನೆಲದ ಮೇಲೆ ಸಾಲಾಗಿ ಮಲಗಿ ಗೊರಕೆ ಹೊಡೆಯುತ್ತಿದ್ದರು. ಒಬ್ಬನ ಮುಖದ ಮೇಲಿದ್ದದ್ದು ನಮ್ಮದೇ ಪತ್ರಿಕೆ. ನನಗೆ ಮೈ ಉರಿದುಹೋಯಿತು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ. ನಾನು ಒಬ್ಬನನ್ನೂ ಎಬ್ಬಿಸಿ ಕೇಳಲಿಲ್ಲ. ಊರಿಗೆ ಬಂದವನೇ ‘ಮಲಗಿರುವ ಯುವಜನ’ ಎಂಬ ಲೇಖನ ಬರೆದೆ. ಆರು ಜನ ನನ್ನ ಲೇಖನಿಯಲ್ಲಿ ಒಂದು ಪೀಳಿಗೆಯೇ ಆದರು. ‘ದುಡಿಯುವ ತಂದೆ, ಮಲಗುವ ಮಗ’ ಎಂಬ ಸಾಲನ್ನು ದಪ್ಪ ಅಕ್ಷರದಲ್ಲಿ ಕಂಪೋಸ್ ಮಾಡಿಸಿದೆ. ಹಿರಿಯರಿಂದ ಹೊಗಳಿಕೆಯ ಕಾಗದಗಳು ಬಂದವು, ನಾನು ಉಬ್ಬಿಹೋದೆ.

ತಿಂಗಳಾಗುವಷ್ಟರಲ್ಲಿ ಆ ವಾಚನಾಲಯ ನಡೆಸುತ್ತಿದ್ದ ಮುನಿರಾಜು ಕಚೇರಿಗೆ ಬಂದ. ಲೇಖನ ಓದಿದ ಊರ ಹಿರಿಯರು ವಾಚನಾಲಯಕ್ಕೆ ಬೀಗ ಹಾಕಿದ್ದರಂತೆ. ಹುಡುಗರೇ ಮನೆಮನೆ ತಿರುಗಿ ಪುಸ್ತಕ ಬೇಡಿ ತಂದು ಕಟ್ಟಿದ್ದ ಜಾಗ ಅದು.

“ನೀವು ನೋಡಿದ್ದು ಸುಳ್ಳಲ್ಲ ಸಾರ್. ಯಾಕ್ ಮಲಗಿದ್ವಿ ಅಂತ ಒಂದ್ಸಲ ನಮ್ಮನೆಗೆ ಬಂದು ನೋಡಿ,” ಎಂದ.

ಹೋದೆ. ನಡುಮನೆಯಿಂದ ಅಡುಗೆಮನೆ ಬಾಗಿಲವರೆಗೂ ರೇಷ್ಮೆಹುಳುವಿನ ತಟ್ಟೆಗಳು, ಕಾಲಿಡಲು ಜಾಗವಿಲ್ಲ. ಹುಳು ಪೊರೆ ಬಿಡುವುದನ್ನು ಅಲ್ಲಿ ಜ್ವರ ಎನ್ನುತ್ತಾರೆ. ನಾಲ್ಕನೆಯ ಜ್ವರದಿಂದ ಎದ್ದ ಹುಳುವಿಗೆ ಹಗಲುರಾತ್ರಿ ಸೊಪ್ಪು ಹಾಕುತ್ತಿರಬೇಕು. ಹಾಕಿದವನು ಮಲಗೋಣವೆಂದರೆ ಮನೆಯೆಲ್ಲ ಹುಳುವಿನದೇ.

ಮುನಿರಾಜುವಿನ ತಂದೆ ಪಿಳ್ಳಪ್ಪನವರು ಬೀಗ ಹಾಕಿದವರಲ್ಲಿ ಒಬ್ಬರು. ಸಂತೋಷದಿಂದ ಕೈಮುಗಿದರು. “ಚೆನ್ನಾಗಿ ಬರ್ದಿದ್ರಿ ಸಾಮಿ. ನಮ್ಮುಡುಗ ಹಂಗಲ್ಲ, ರಾತ್ರಿಯೆಲ್ಲ ಸೊಪ್ಪು ಹಾಕೋನು ಅವ್ನೇ. ಮಿಕ್ಕೋರು ಮಾತ್ರ ನೀವು ಬರ್ದಂಗೇ.”

ಹೆತ್ತವರಿಗೆ ಹೆಗ್ಗಣ ಮುದ್ದು ಎಂದುಕೊಂಡು ಉಳಿದ ಐದು ಮನೆಗಳಿಗೂ ಹೋದೆ. ಐದರಲ್ಲೂ ಅದೇ ಹುಳು, ಅದೇ ಮಾತು. ಒಂದು ಮನೆಯಲ್ಲಿ ಮಾತ್ರ ತೆಲುಗಿನಲ್ಲಿ. ನನಗೆ ನಾಚಿಕೆಯೂ ನಗುವೂ ಒಟ್ಟಿಗೇ ಬಂದವು. ಆರು ತಂದೆಯರನ್ನೂ ಬೀಗದ ಮುಂದೆ ನಿಲ್ಲಿಸಿ ಕೇಳಿದೆ: “ನಾನು ನೋಡಿದ್ದು ಆರೇ ಜನರನ್ನ. ಆರೂ ಮನೆಯವರು ನಮ್ಮ ಹುಡುಗ ಹಾಗಲ್ಲ ಅಂತೀರಿ. ಹಾಗಾದರೆ ನಾನು ಬರೆದದ್ದು ಯಾರ ಮೇಲೆ?”

ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲು ನಕ್ಕವರು ಪಿಳ್ಳಪ್ಪನವರೇ. ಆದರೆ ಬೀಗದ ಕೈ ಮಾತ್ರ ಸೊಂಟದಿಂದ ಈಚೆ ಬರಲಿಲ್ಲ. “ಅಚ್ಚಾಗಿ ಬಂದಿದ್ದು ಅಚ್ಚಲ್ಲೇ ಹೋಗ್ಬೇಕು ಸಾಮಿ,” ಎಂದರು.

ಮುಂದಿನ ಸಂಚಿಕೆಯಲ್ಲಿ ಅದೇ ಜಾಗದಲ್ಲಿ, ಅದೇ ದಪ್ಪ ಅಕ್ಷರದಲ್ಲಿ, ಆರು ಜನರ ಹೆಸರು ಹಾಕಿ ನನ್ನ ತಪ್ಪನ್ನು ಬರೆದೆ. ಬೀಗ ತೆಗೆದ ದಿನ ನನ್ನನ್ನೂ ಕರೆದಿದ್ದರು. ಒಳಗೆ ಮೂಲೆಯಲ್ಲಿ ಹೊಸ ಚಾಪೆ ಹಾಸಿತ್ತು. ಅದರ ಮೇಲಿನ ಗೋಡೆಗೆ ಹುಡುಗರು ನನ್ನ ಶೀರ್ಷಿಕೆಯನ್ನೇ ಕತ್ತರಿಸಿ ಅಂಟಿಸಿದ್ದರು: ‘ಮಲಗಿರುವ ಯುವಜನ’. ಅಷ್ಟು ಮನಸಾರೆ ನಾನು ನಕ್ಕದ್ದು ಕಡಿಮೆ.

ಆಮೇಲೆ ‘ಈಗಿನ ಯುವಕರು’ ಎಂದು ಶುರುವಾಗುವ ಲೇಖನ ನನ್ನ ಮೇಜಿಗೆ ಬಂದಾಗಲೆಲ್ಲ ಬರೆದವರಿಗೆ ಒಂದೇ ಪ್ರಶ್ನೆ ಕೇಳುತ್ತಿದ್ದೆ: ಯಾರ ಮನೆಯ ಹುಡುಗ? ನಿವೃತ್ತನಾಗುವವರೆಗೂ ಒಬ್ಬರೂ ‘ನಮ್ಮ ಮನೆಯವನು’ ಎನ್ನಲಿಲ್ಲ.