ಪ್ರವಾಸಕ್ಕೆ ಬಂದವಳಲ್ಲ

ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಒಗೆದು, ಇಸ್ತ್ರಿ ಮಾಡಿ, ಮಡಚಿಯೇ ಅವಳ ವಯಸ್ಸು ಕಳೆದಿತ್ತು. ನರ್ಸುಗಳು ಇಸ್ತ್ರಿಯಮ್ಮ ಎಂದೇ ಕರೆಯುತ್ತಿದ್ದರು. ಒಂದು ದುಪ್ಪಟಿಯ ಮಡಿಕೆ ಸೊಟ್ಟಗಿದ್ದರೂ ಇಡೀ ಕಟ್ಟು ಬಿಚ್ಚಿ ಮತ್ತೆ ಮಡಚುವವಳು. ಜೊತೆಯವರಿಗೆ ಅವಳೆಂದರೆ ತಲೆನೋವು.

ನಿವೃತ್ತಿಯಾದ ಮೇಲೆ, ತನ್ನ ಚರ್ಚಿನ ಸಭೆಯವರು ನಡೆಸುವ ಶಿಷ್ಯತ್ವ ತರಬೇತಿಗೆ ಹೆಸರು ಕೊಟ್ಟಳು. ಮೊದಲು ಹಾಸ್ಟೆಲಿನಲ್ಲಿದ್ದು ಪಾಠ, ಆಮೇಲೆ ತಂಡ ಕಟ್ಟಿಕೊಂಡು ಹೊರದೇಶದಲ್ಲಿ ಮಕ್ಕಳಿಗೆ ಹಾಡು ಕಲಿಸುವ, ಯೇಸುವಿನ ಸುವಾರ್ತೆ ಸಾರುವ ಸೇವೆ. ಇದನ್ನು ಕೇಳಿ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದ ಸೊಸೆಯೂ ರಜೆ ಹಾಕಿ ಹೆಸರು ಕೊಟ್ಟಳು.

"ನೀವು ಹೋದ್ರೆ ನಾನು ಮನೇಲಿ ಗೋಡೆ ಜೊತೆ ಮಾತಾಡ್ಲಾ ಅತ್ತೆ?"

"ಈಗೇನು ನನ್ನ ಜೊತೆ ಮಾತಾಡ್ತಿದ್ದೀಯಾ?"

ಆ ಮಾತು ನಿಜವೇ. ಮಗ ತೀರಿಹೋದ ಮೇಲೆ ಒಂದೇ ಸೂರಿನಡಿ ಇಬ್ಬರೂ ತಮ್ಮ ತಮ್ಮ ದುಃಖವನ್ನು ಬೇರೆ ಬೇರೆ ಕೋಣೆಯಲ್ಲಿಟ್ಟುಕೊಂಡಿದ್ದರು. ಹಾಸ್ಟೆಲಿನಲ್ಲಿ ಮಾತ್ರ ಒಂದೇ ಎರಡಂತಸ್ತಿನ ಮಂಚದಲ್ಲಿ ಕೆಳಗೊಬ್ಬಳು, ಮೇಲೊಬ್ಬಳು ಮಲಗಬೇಕಾಯಿತು.

ತಂಡದ ಮುಂದಾಳು ಇನ್ನೂ ನಲವತ್ತು ದಾಟದವನು. ಎಲ್ಲರಿಗೂ ಅವನು ಬ್ರದರ್. ಒಂದು ವಾರ ಪೂರ್ತಿ ಸತ್ಯದ ಬಗ್ಗೆ ಪಾಠ ಮಾಡಿದ. ಅನುಕೂಲಕ್ಕೆ ಹೇಳಿದ ಸುಳ್ಳೂ ಸುಳ್ಳೇ ಎಂದ. ಇಸ್ತ್ರಿಯಮ್ಮ ಅದನ್ನು ಕಿವಿಯಲ್ಲಲ್ಲ, ಎದೆಯಲ್ಲಿ ಕೇಳಿಸಿಕೊಂಡಳು.

ಹೊರಡುವ ಹಿಂದಿನ ದಿನ ಅದೇ ಬ್ರದರ್ ಎಲ್ಲರನ್ನೂ ಕೂರಿಸಿ ಹೇಳಿದ: "ಆ ದೇಶದಲ್ಲಿ ಹೊರಗಿನವರು ಬೋಧನೆ ಮಾಡೋ ಹಾಗಿಲ್ಲ. ವಿಮಾನ ನಿಲ್ದಾಣದ ಕೌಂಟರ್‌ನಲ್ಲಿ ಯಾಕೆ ಬಂದ್ರಿ ಅಂತ ಕೇಳಿದ್ರೆ ಪ್ರವಾಸ ಅನ್ನಿ. ಅಷ್ಟೇ."

ಅವಳು ಎದ್ದು ನಿಂತಳು. "ಬ್ರದರ್, ನಾವು ಪ್ರವಾಸಕ್ಕೆ ಹೋಗ್ತಿಲ್ವಲ್ಲ?"

"ಊರು ನೋಡ್ತೀವಲ್ಲಮ್ಮ, ಅದು ಸುಳ್ಳಲ್ಲ."

"ಹಾಗಾದ್ರೆ ಮಿಕ್ಕಿದ್ದನ್ನ ಯಾಕೆ ಮುಚ್ಚಿಡೋದು?"

"ನಮ್ಮ ಬಾಯಿಂದ ಅಲ್ಲಿನ ವಿಶ್ವಾಸಿಗಳಿಗೆ ತೊಂದ್ರೆ ಆಗಬಾರದು ಅಂತ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಭಯವಿತ್ತು. ಸೊಸೆ ಅತ್ತೆಯ ಸೆರಗು ಹಿಡಿದು ಕೂರಿಸಿದಳು. ಇಷ್ಟು ಜನರಲ್ಲಿ ತನ್ನನ್ನೇ ಯಾರು ಕೇಳುತ್ತಾರೆ ಎಂದುಕೊಂಡು ಇಸ್ತ್ರಿಯಮ್ಮ ವಿಮಾನ ಹತ್ತಿದಳು.

ಕೇಳಿದರು.

ಆ ದೇಶದಲ್ಲಿ ಇಳಿದು ಸಾಲಿನಲ್ಲಿ ನಿಂತಾಗ ಬ್ರದರ್ ಆಗಲೇ ಕೌಂಟರ್ ದಾಟಿದ್ದ. ಸೊಸೆಯೂ ಪಾಸ್‌ಪೋರ್ಟಿಗೆ ಮುದ್ರೆ ಒತ್ತಿಸಿಕೊಂಡು ಗಾಜಿನ ಆಚೆ ನಿಂತಿದ್ದಳು. ಕೌಂಟರಿನ ಅಧಿಕಾರಿಣಿ ತನ್ನ ಮೊಬೈಲಿಗೆ ಏನೋ ಹೇಳಿ ಇವಳ ಮುಂದೆ ಹಿಡಿದಳು. ಮೊಬೈಲು ಕನ್ನಡದಲ್ಲಿ ಕೇಳಿತು: "ತಾವು ಯಾವ ಉದ್ದೇಶದಿಂದ ಆಗಮಿಸಿರುವಿರಿ?" ಬೇರೆ ಹೊತ್ತಾಗಿದ್ದರೆ ಇಸ್ತ್ರಿಯಮ್ಮ ನಕ್ಕುಬಿಡುತ್ತಿದ್ದಳು, ಯಂತ್ರ ಲಗ್ನಪತ್ರಿಕೆ ಓದಿದ ಹಾಗಿತ್ತು. ಈಗ ಪ್ರವಾಸ ಎಂಬ ಶಬ್ದ ನಾಲಿಗೆಯ ತುದಿಗೆ ಬಂದು ಅಲ್ಲೇ ಕೂತಿತು.

"ಪ್ರಾರ್ಥನೆ ಮಾಡೋಕೆ. ಮಕ್ಕಳ ಜೊತೆ ಹಾಡೋಕೆ. ಕೇಳಿದವರಿಗೆ ಯೇಸುವಿನ ಬಗ್ಗೆ ಹೇಳೋಕೆ."

ಮೊಬೈಲು ಅದನ್ನು ಆ ದೇಶದ ಭಾಷೆಗೆ ತಿರುಗಿಸಿತು. ಅಧಿಕಾರಿಣಿಯ ಹುಬ್ಬು ಗಂಟಾಯಿತು. ಸಮವಸ್ತ್ರದವನೊಬ್ಬ ಬಂದು ಇವಳನ್ನು ಪಕ್ಕದ ಕೋಣೆಗೆ ಕರೆದೊಯ್ದ. ಒಂದು ಮೇಜು, ಮೂರು ಕಬ್ಬಿಣದ ಕುರ್ಚಿ, ಸೂರಿನ ಮೂಲೆಯಲ್ಲಿ ಕ್ಯಾಮೆರಾ. ಅಧಿಕಾರಿಣಿ ಎದುರು ಕೂತು ಗಾಜಿನ ಆಚೆಯ ಗುಂಪಿನತ್ತ ಬೆರಳು ತೋರಿಸಿದಳು.

"ಅವರೂ ತಮ್ಮೊಂದಿಗೆ ಬಂದವರೇ?"

ಹೌದೆಂದರೆ ಇಡೀ ತಂಡ ಸಿಕ್ಕಿಬೀಳುತ್ತದೆ. ಇಲ್ಲವೆಂದರೆ, ಹೊರಗೆ ನಿಂತಿರುವ ಮಗನ ಹೆಂಡತಿಯನ್ನೇ ಯಾರೋ ಎಂದಂತೆ.

"ನನ್ನ ಮಾತು ನಾನು ಹೇಳಿದ್ದೀನಿ. ಅವರ ಮಾತು ಅವರನ್ನೇ ಕೇಳಿ."

ಅಧಿಕಾರಿಣಿ ಮತ್ತೆ ಮತ್ತೆ ಅದನ್ನೇ ಕೇಳಿದಳು. ಇವಳದೂ ಅದೇ ಉತ್ತರ.

ಆಚೆ ಬ್ರದರ್ ಬೆವರುತ್ತಿದ್ದ. "ನಡೀರಿ, ನಿಲ್ಲಬೇಡಿ. ಹೊರಗೆ ಹೋಗಿ ಫೋನ್ ಮಾಡೋಣ," ಎಂದು ಪಿಸುಗುಟ್ಟಿದ. ಒಬ್ಬೊಬ್ಬರಾಗಿ ಚೀಲ ಎಳೆದುಕೊಂಡು ಹೊರಟರು. ಸೊಸೆ ನಾಲ್ಕು ಹೆಜ್ಜೆ ನಡೆದು ನಿಂತಳು.

"ಬ್ರದರ್, ನೀವು ಹೋಗಿ. ಅವರು ನನ್ನತ್ತೆ."

"ನೀನು ಹೋದ್ರೆ ಇಬ್ಬರೂ ವಾಪಸ್ ಕಣಮ್ಮ!"

"ಆಗಲಿ."

ಕೋಣೆಯ ಬಾಗಿಲು ತೆರೆದು ಸೊಸೆ ಒಳಗೆ ಬಂದಾಗ ಅತ್ತೆಯ ಮುಖ ಅರಳಲಿಲ್ಲ, ಕೆಂಪಾಯಿತು. "ನಿನಗ್ಯಾರೇ ಬಾ ಅಂದದ್ದು? ಒಬ್ಬಳಾದ್ರೂ ಆ ಮಕ್ಕಳನ್ನ ನೋಡಬಾರದಿತ್ತಾ?"

"ಬೈಯೋದಾದ್ರೆ ಮನೆಗೆ ಹೋಗಿ ಬೈರಿ," ಎಂದು ಸೊಸೆ ಪಕ್ಕದ ಕುರ್ಚಿಯಲ್ಲಿ ಕೂತಳು. ಅತ್ತೆಯ ಕೈ ಹಿಡಿದಳು. ಅಧಿಕಾರಿಣಿಗೆ, "ಇವರು ಯಾಕೆ ಬಂದ್ರೋ ನಾನೂ ಅದಕ್ಕೇ ಬಂದೆ," ಎಂದಳು. ಸೊಸೆಯ ಪಾಸ್‌ಪೋರ್ಟಿನ ಮುದ್ರೆಯ ಮೇಲೆ ಅದನ್ನು ರದ್ದು ಮಾಡುವ ಇನ್ನೊಂದು ಮುದ್ರೆ ಬಿತ್ತು. ಮಧ್ಯಾಹ್ನದ ವಿಮಾನದಲ್ಲಿ ಇಬ್ಬರನ್ನೂ ಹಿಂದಕ್ಕೆ ಕಳಿಸಿದರು. ದಾರಿಯುದ್ದಕ್ಕೂ ಅತ್ತೆ ಮುಖ ತಿರುಗಿಸಿಕೊಂಡೇ ಇದ್ದಳು. ಸೊಸೆಯ ಕೈ ಮಾತ್ರ ಬಿಡಲಿಲ್ಲ.

ಆದರೆ ಅಷ್ಟಕ್ಕೆ ಮುಗಿಯಲಿಲ್ಲ. ತಂಗುವ ವಿಳಾಸವನ್ನು ತಂಡದವರೆಲ್ಲ ವಿಮಾನ ನಿಲ್ದಾಣದ ಅರ್ಜಿಯಲ್ಲಿ ಬರೆದುಕೊಟ್ಟಿದ್ದರು, ಅಲ್ಲಿಗೆ ಪೊಲೀಸರು ಹೋದರು. ಅದೊಬ್ಬ ಹೊಲಿಗೆಯವಳ ಮನೆ. ಅವಳ ಹೊಲಿಗೆ ಕೋಣೆಯಲ್ಲೇ ಅಲ್ಲಿನ ಸಭೆ ಸೇರುತ್ತಿತ್ತು. ಅವಳನ್ನು ಠಾಣೆಯಲ್ಲಿ ಇಡೀ ದಿನ ಕೂರಿಸಿದರು. ಸಭೆ ನಿಂತಿತು. ತಂಡ ಬೇರೆ ಊರಿಗೆ ಸರಿದು, ಅರ್ಧ ಕೆಲಸ ಬಿಟ್ಟು ಮರಳಿತು.

ಬ್ರದರ್ ಮನೆಗೆ ಬಂದು ಇದನ್ನೆಲ್ಲ ಇಸ್ತ್ರಿಯಮ್ಮನಿಗೆ ಹೇಳಿದ. ಅವನೇನೂ ಚುಚ್ಚಿ ಆಡಲಿಲ್ಲ. ಕೊಟ್ಟ ನೀರನ್ನೂ ಕುಡಿಯದೆ ಕೂತಿದ್ದ.

"ಇದಕ್ಕೇ ಅಮ್ಮ ನಾನು ಹೆದರಿದ್ದು."

"ಆಕೆಗೆ ಫೋನ್ ಮಾಡಿಕೊಡು," ಎಂದಳು ಅವಳು.

ಎರಡೂ ಭಾಷೆ ಬಲ್ಲ ಹುಡುಗಿಯೊಬ್ಬಳು ನಡುವೆ ಮಾತು ದಾಟಿಸಿದಳು. "ನಾನು ಹೇಳಿದ್ದು ತಪ್ಪು ಅಂತ ಅನ್ನೋಕಾಗ್ತಿಲ್ಲ ತಾಯಿ. ಆದ್ರೆ ಅದರ ಪೆಟ್ಟು ನಿಮಗೆ ಬಿತ್ತು. ಕ್ಷಮಿಸಿ."

ಆ ಕಡೆ ಹೊಲಿಗೆ ಯಂತ್ರದ ಸದ್ದು ನಿಂತಿತು. ಆಮೇಲೆ ಅವಳು ಹೇಳಿದಳಂತೆ: "ಪೆಟ್ಟು ಬಿದ್ದದ್ದು ನಿಜ, ಸಿಟ್ಟೂ ಬಂತು. ಆದ್ರೆ ನಾನು ಏನು ಅಂತ ಈ ಬೀದಿಗೆಲ್ಲ ಗೊತ್ತು. ಅಡಗಿಕೊಂಡು ಬರೋದು ನಿಮ್ಮವರು."

ಬ್ರದರ್ ತಲೆ ತಗ್ಗಿಸಿದ. ಇಸ್ತ್ರಿಯಮ್ಮನೂ ತಲೆ ಎತ್ತಲಿಲ್ಲ. ಯಾರು ಸರಿ ಎಂಬುದನ್ನು ಆ ಕೋಣೆಯಲ್ಲಿ ಯಾರೂ ಇತ್ಯರ್ಥ ಮಾಡಲಿಲ್ಲ, ಇವತ್ತಿಗೂ ಆಗಿಲ್ಲ. ಮುಂದಿನ ತಂಡವನ್ನು ಮಾತ್ರ ಬಹಿರಂಗ ಬೋಧನೆಗೆ ಅನುಮತಿ ಕೊಡುವ ಬೇರೆ ದೇಶಕ್ಕೆ ಕಳಿಸಿದರು. ಖರ್ಚು ಕಡಿಮೆ ಎಂದ ಬ್ರದರ್. ಸೊಸೆ ಅದನ್ನು ನಂಬಲಿಲ್ಲ, ಆದರೆ ಆ ತಂಡದಲ್ಲಿ ಹೋದಳು. ಹೊರಡುವ ಬೆಳಿಗ್ಗೆ ಅತ್ತೆ ಅವಳ ಪೆಟ್ಟಿಗೆಗೆ ಬಟ್ಟೆ ಜೋಡಿಸುತ್ತ, ಮಗ ಚಿಕ್ಕವನಿದ್ದಾಗ ಶಾಲೆಗೆ ಹೋಗಲು ಹೇಗೆ ರಂಪ ಮಾಡುತ್ತಿದ್ದ ಎಂದು ಹೇಳತೊಡಗಿದಳು. ಅವನು ತೀರಿಹೋದ ಮೇಲೆ ಅವನ ಸುದ್ದಿ ಆ ಮನೆಯಲ್ಲಿ ಎದ್ದದ್ದು ಅದೇ ಮೊದಲು. ಸೊಸೆ ಹೊತ್ತಾಯಿತೆನ್ನದೆ ಮಂಚದ ಅಂಚಿಗೆ ಕೂತು ಪೂರ್ತಿ ಕೇಳಿದಳು.