ಮೂಗು ಮುರಿದ ನಮಸ್ಕಾರ

ನಾನು ಚಿಕ್ಕವನಿದ್ದಾಗ ಒಬ್ಬನ ಮೂಗು ಮುರಿದಿದ್ದೇನೆ. ನಗಬೇಡಿ. ಮನೆ ಬಿಡುವ ಮುನ್ನ ಗ್ಯಾಸ್ ಆರಿಸಿದೆಯೇ ಎಂದು ಮೂರು ಸಲ ಹಿಂತಿರುಗಿ ನೋಡುವ, ನೀವು ಸೈಕಲ್ ಹತ್ತಿದರೆ ಹೆಲ್ಮೆಟ್ಟಿನ ಪಟ್ಟಿ ಎಳೆದೆಳೆದು ಪರೀಕ್ಷಿಸುವ ಈ ಚಿಕ್ಕತಾತನೇ ಆ ಕೆಲಸ ಮಾಡಿದ್ದು. ನಿಜ ಹೇಳಬೇಕೆಂದರೆ ನಾನು ನಿಮ್ಮ ಅಜ್ಜಿಯ ತಮ್ಮ. ಅವಳು ನನಗಿಂತ ಹತ್ತು ವರ್ಷ ಮೊದಲು ಹುಟ್ಟಿದ ತಪ್ಪಿಗೆ, ತಲೆ ಪೂರ್ತಿ ನರೆಯುವ ಮೊದಲೇ ನಾನು ತಾತನಾಗಿಬಿಟ್ಟೆ. ಈ ಕಥೆಯಲ್ಲಿ ಬರುವ ಅಕ್ಕ ಅವಳೇ.

ಆಗ ನನಗೆ ಒಂಬತ್ತು ವರ್ಷ. ಅಪ್ಪ ಹಿರೋಷಿಮಾದ ಒಂದು ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದರು. ಅವರ ಲ್ಯಾಬಿಗೆ ಬರುತ್ತಿದ್ದ ಒಬ್ಬ ವಿದ್ಯಾರ್ಥಿ ಕಾಲೇಜು ಬಾಸ್ಕೆಟ್‌ಬಾಲ್ ತಂಡದ ಕ್ಯಾಪ್ಟನ್. ಅಂಗಿಯ ಮೇಲೆ ಏಳು ಎಂದಿತ್ತು, ಹಾಗಾಗಿ ನನ್ನ ಬಾಯಲ್ಲಿ ಅವನು ಏಳನೇ ನಂಬರಣ್ಣ. ನಮ್ಮ ಮನೆಗೆ ಬಂದರೆ ಬಾಗಿಲ ಪಟ್ಟಿಗೆ ಹಣೆ ಬಡಿಸಿಕೊಂಡೇ ಒಳಗೆ ಬರುತ್ತಿದ್ದ. ಅಮ್ಮನ ಚಿತ್ರಾನ್ನ ತಿಂದು, ಮೆಣಸಿನಕಾಯಿ ಕಚ್ಚಿ, ಕಣ್ಣಲ್ಲಿ ನೀರು ಸುರಿಸುತ್ತಲೇ ಇನ್ನೊಂದು ಬಟ್ಟಲು ಕೇಳುತ್ತಿದ್ದ. ನನ್ನನ್ನು 'ಚಿಬಿ' ಎನ್ನುತ್ತಿದ್ದ. ಗಿಡ್ಡ ಅಂತ. ಬೇರೆ ಯಾರಾದರೂ ಹಾಗೆ ಕರೆದಿದ್ದರೆ ಕಚ್ಚುತ್ತಿದ್ದೆ. ಅವನ ಶೂ ಚೀಲ ಹೊರುವ ಭಾಗ್ಯ ನನ್ನದಾಗಿತ್ತು.

ಅದು ಅವನ ಕೊನೆಯ ವರ್ಷ. ಉಳಿದಿದ್ದು ಎರಡೇ ಪಂದ್ಯ, ಶನಿವಾರ ಒಂದು, ಭಾನುವಾರ ಒಂದು, ಎರಡೂ ಒಂದೇ ತಂಡದ ಮೇಲೆ. ನಾಲ್ಕು ವರ್ಷಗಳಲ್ಲಿ ಒಮ್ಮೆಯೂ ಅವನು ಆ ತಂಡವನ್ನು ಸೋಲಿಸಿರಲಿಲ್ಲ. ಭಾನುವಾರದ ನಂತರ ಬೂಟು ಕಳಚಿಟ್ಟು ಕಾರು ತಯಾರಿಸುವ ಕಂಪನಿಗೆ ಸೇರಲಿದ್ದ.

ಶನಿವಾರ ಅಪ್ಪ, ಅಕ್ಕ, ನಾನು ಅವನ ಅತಿಥಿಗಳಾಗಿ ಹೋಗಿ ಮುಂದಿನ ಸಾಲಿನಲ್ಲಿ ಕುಳಿತೆವು. ಮರದ ನೆಲದ ಮೇಣದ ವಾಸನೆ, ಬೆವರು, ನೋವಿಗೆ ಹೊಡೆಯುವ ಸ್ಪ್ರೇಯ ಘಾಟು. ಬೂಟುಗಳು ಕಿರ್ ಕಿರ್ ಎನ್ನುತ್ತಿದ್ದವು. ಹಿಂದೆ ಡೋಲು. ಎಲ್ಲರ ಕೈಯಲ್ಲೂ ಕೂಗುವುದಕ್ಕೆಂದು ಹಳದಿ ಪ್ಲಾಸ್ಟಿಕ್ ಮೆಗಾಫೋನು. ಅಲ್ಲೊಂದು ರೂಢಿ ಇತ್ತು: ನಮ್ಮವರಿಗಾಗಿ ಗಂಟಲು ಹರಿಯುವಷ್ಟು ಕೂಗಬಹುದು, ಎದುರಾಳಿಯ ಬಗ್ಗೆ ಒಂದು ಮಾತೂ ಆಡಬಾರದು.

ಆದರೆ ಕೆಳಗೆ ನಡೆಯುತ್ತಿದ್ದದ್ದು ಯುದ್ಧ. ಎದುರಾಳಿಗಳಲ್ಲಿ ನಾಲ್ಕನೇ ನಂಬರಿನವನೊಬ್ಬ, ಒರಳುಕಲ್ಲಿಗೆ ಕೈಕಾಲು ಬಂದ ಹಾಗಿದ್ದ. ಅವನೂ ನಮ್ಮ ಏಳೂ ಚೆಂಡಿಗಾಗಿ ಹಾರಿದಾಗಲೆಲ್ಲ ಮೈಗೆ ಮೈ ಬಡಿಯುವ ಸದ್ದು ನಮ್ಮ ಸಾಲಿಗೆ ಕೇಳುತ್ತಿತ್ತು. ಪಕ್ಕೆಗೆ ಮೊಣಕಾಲು, ಬೆನ್ನಿಗೆ ಭುಜ. ಇಬ್ಬರ ತೋಳಲ್ಲೂ ಉಗುರಿನ ಗೀರು. ಮೂರನೇ ಭಾಗದಲ್ಲಿ ನಾಲ್ಕನೆಯವನ ಮೊಣಕೈ ಏಳರ ಬಾಯಿಗೆ ಬಡಿಯಿತು. ಹಲ್ಲೊಂದು ಹಾರಿ, ನೆಲದ ಮೇಲೆ ಜಾರುತ್ತಾ ಬಂದು ನಮ್ಮೆದುರೇ ನಿಂತಿತು. ಅದರ ಹಿಂದೆಯೇ ರಕ್ತದ ಹನಿಗಳು.

ಏಳನೇ ನಂಬರಣ್ಣ ಎದ್ದ. ತನ್ನ ಹಲ್ಲನ್ನು ತಾನೇ ಹೆಕ್ಕಿಕೊಂಡ. ರೆಫರಿಗೆ ತಲೆಬಾಗಿ ತನ್ನ ಜಾಗಕ್ಕೆ ಹೋಗಿ ನಿಂತ.

ಅವನು ತಡೆದುಕೊಂಡ, ನನಗೆ ತಡೆಯಲಾಗಲಿಲ್ಲ. ಮೆಗಾಫೋನನ್ನು ಬೀಸಿ ಒಗೆದೆ. ಶಾಲೆಯಲ್ಲಿ ಯಾವ ಚೆಂಡನ್ನೂ ಗುರಿಗೆ ಮುಟ್ಟಿಸದ ಈ ಕೈ ಅವತ್ತೊಂದು ದಿನ ಗುರಿ ತಪ್ಪಲಿಲ್ಲ. ಅದರ ಅಂಚು ನಾಲ್ಕನೆಯವನ ಮೂಗಿಗೆ ಹೊಡೆಯಿತು. ಮುಖ ಮುಚ್ಚಿದ ಬೆರಳುಗಳ ಸಂದಿಯಿಂದ ಬಿಳಿ ಅಂಗಿಯ ಮೇಲೆ ಕೆಂಪು ಇಳಿಯಿತು. ಡೋಲು ನಿಂತಿತು.

ಆಮೇಲೆ ಎಲ್ಲವೂ ಒಟ್ಟಿಗೇ ಆಯಿತು. ಅವರ ಕಡೆಯ ನಾಲ್ಕೈದು ಹುಡುಗರು ಕಂಬಿ ಹಾರಿ ಬಂದರು, ನಮ್ಮವರು ಎದುರು ನುಗ್ಗಿದರು. ಅಂಗಿ ಹರಿಯಿತು, ಯಾರದೋ ಕನ್ನಡಕ ಕಾಲಡಿ ಪುಡಿಯಾಯಿತು, ಮುಷ್ಟಿ ದವಡೆಗೆ ಬಿದ್ದ ಸದ್ದು ನನ್ನ ಕಿವಿಯ ಪಕ್ಕದಲ್ಲೇ ಆಯಿತು. ಅಪ್ಪ ನನ್ನ ಕೆನ್ನೆಗೆ ಬಾರಿಸಿದ ಸದ್ದು ಅದಕ್ಕಿಂತ ಜೋರಾಗಿತ್ತು. ಇಷ್ಟಕ್ಕೆಲ್ಲ ಕಾರಣನಾದ ವೀರ ಬೆಂಚಿನ ಕೆಳಗೆ ಅಕ್ಕನ ಕಾಲು ಹಿಡಿದುಕೊಂಡು ಕುಳಿತಿದ್ದ.

ಏಳನೇ ನಂಬರಣ್ಣ ಓಡಿಬಂದು ಆ ಗುಂಪಿನ ನಡುವೆ ನಿಂತ. ಎದುರಾಳಿಗಳ ಕಡೆ ತಿರುಗಿ ಸೊಂಟದಿಂದ ಬಾಗಿದ. ತುಟಿಯ ರಕ್ತ ಅವನ ಬೂಟಿನ ಮೇಲೇ ತೊಟ್ಟಿಕ್ಕುತ್ತಿತ್ತು. "ಆ ಹುಡುಗ ನಮ್ಮವನು. ತಪ್ಪು ನಮ್ಮದು," ಎಂದ. ಎತ್ತಿದ ಮುಷ್ಟಿಗಳು ಒಂದೊಂದಾಗಿ ಇಳಿದವು.

ಆ ಪಂದ್ಯವನ್ನು ನಾವು ಸೋತೆವು. ಹೊರಗಿನ ಓಣಿಯಲ್ಲಿ ಅವನು ಅಪ್ಪನಿಗೆ ಹೇಳಿದ: "ಇವನನ್ನು ಕರೆತಂದವನು ನಾನು. ನಾಳೆ ನಾಲ್ಕನೆಯವನಿಗೆ ಆಡಲಾಗದಿದ್ದರೆ ನಾನೂ ಆಡುವುದಿಲ್ಲ." ಅಲ್ಲಿ ಹಾಗೇ. ಒಬ್ಬ ಮಾಡಿದ ತಪ್ಪು ಎಲ್ಲರ ಹೆಗಲಿಗೂ ಬರುತ್ತದೆ. ಅಷ್ಟರಲ್ಲಿ ವೈದ್ಯರು ಬಂದು, ಚರ್ಮ ಮಾತ್ರ ಹರಿದಿದೆ, ಮೂಳೆಗೆ ಏನೂ ಆಗಿಲ್ಲ, ನಾಳೆ ಆಡಬಹುದು ಎಂದರು. ಉಸಿರು ಬಂತು. ಕಥೆ ಅಲ್ಲಿಗೇ ಮುಗಿಯಬೇಕಿತ್ತು.

"ನಡಿ, ಸಾರಿ ಕೇಳು," ಎಂದರು ಅಪ್ಪ. "ಬರೀ ಸುಮಿಮಾಸೆನ್ ಅಂದ್ಬಿಟ್ರೆ ಸಾಲಲ್ಲ, ಟ್ರೈನಲ್ಲಿ ಕಾಲು ತುಳಿದಿಲ್ಲ ನೀನು. ಕಾಲಿಗೆ ಬೀಳು."

ನಾಲ್ಕನೆಯವನು ಬೆಂಚಿನ ಮೇಲೆ ಮೂಗಿಗೆ ಐಸ್ ಒತ್ತಿಕೊಂಡು ಕುಳಿತಿದ್ದ. ನಮ್ಮನ್ನು ಕಂಡು ಎದ್ದು ನಿಂತ. ನಾನು ಸೀದಾ ಹೋಗಿ ಅವನ ದೋಣಿಯಂಥ ಬೂಟುಗಳ ಮೇಲೆ ಹಣೆಯಿಟ್ಟೆ. ಪಾಪ, ಜನ್ಮದಲ್ಲಿ ಯಾರೂ ಅವನ ಕಾಲಿಗೆ ಬಿದ್ದಿರಲಿಲ್ಲ. ಗಾಬರಿಯಾಗಿ, ತಾನೂ ಮರ್ಯಾದೆ ತೋರಿಸಬೇಕೆಂದು ಸೊಂಟದಿಂದ ಬಾಗಿದ. ನಾನು ಕೆಳಗಿದ್ದೇನೆಂದು ಇನ್ನೂ ಬಾಗಿದ. ಅದೇ ಹೊತ್ತಿಗೆ ನಾನು ಭಕ್ತಿಯಿಂದ, ಪೂರ್ತಿ ಜೋರಿನಿಂದ ಮೇಲೆದ್ದೆ.

ಒಣ ಕೊಬ್ಬರಿ ಒಡೆದಂಥ ಸದ್ದು.

"ಅಯ್ಯೋ ಪೆದ್ದೇ, ಅದೇನು ತಲೆನೋ, ತೆಂಗಿನಕಾಯೋ!" ಎಂದು ಅಕ್ಕ ಕಿರುಚಿದಳು.

ನಾನು ಎಸೆದದ್ದರಿಂದ ಅವನ ಮೂಗು ಮುರಿದಿರಲಿಲ್ಲ. ಮುರಿದದ್ದು ನನ್ನ ನಮಸ್ಕಾರದಿಂದ.

ಅವನು ನೆಲಕ್ಕೆ ಕುಸಿದ. ಒಂದು ಕೈ ಮೂಗಿನ ಮೇಲೆ, ಇನ್ನೊಂದು ಮುಷ್ಟಿಯಾಗಿ ಮೇಲೆದ್ದಿತು. ಅದು ನನ್ನ ಮುಖದಷ್ಟು ದೊಡ್ಡದಿತ್ತು. ನಾನು ಕಣ್ಣು ಮುಚ್ಚಿದೆ. ಪೆಟ್ಟು ಬೀಳಲಿಲ್ಲ. ಕಣ್ಣು ತೆರೆದರೆ ಅವನು ತನ್ನ ಮುಷ್ಟಿಯನ್ನೇ ನೋಡುತ್ತಿದ್ದ, ಅದು ಯಾರದೋ ಎಂಬಂತೆ. ಆಮೇಲೆ ಒಂದೊಂದೇ ಬೆರಳು ಬಿಚ್ಚಿ, ಆ ಕೈಯನ್ನು ನನ್ನ ತಲೆಯ ಮೇಲಿಟ್ಟು ತಡವಿದ. ಬುಗುಟು ಹುಡುಕುತ್ತಿದ್ದ. "ನಿನಗೆ ಪೆಟ್ಟಾಯಿತಾ?" ಎಂದ, ಬಾಯಿಗೆ ರಕ್ತ ಇಳಿಯುತ್ತಿದ್ದ ಹಾಗೇ.

ನಾನು ಅತ್ತದ್ದು ಆಗ. ಅಪ್ಪ ಹೊಡೆದಾಗಲೂ ಅತ್ತಿರಲಿಲ್ಲ.

ಭಾನುವಾರ ನಾಲ್ಕನೆಯವನು ಆಡಲಿಲ್ಲ. ಏಳನೇ ನಂಬರಣ್ಣ ತನ್ನ ಮಾತಿಗೆ ನಿಂತ, ಅವನೂ ಆಡಲಿಲ್ಲ. ಇಬ್ಬರೂ ಮೇಲಿನ ಕೊನೆಯ ಸಾಲಿನಲ್ಲಿ ಅಕ್ಕಪಕ್ಕ ಕುಳಿತರು. ಒಬ್ಬನ ಮೂಗಿನಲ್ಲಿ ಹತ್ತಿ, ಇನ್ನೊಬ್ಬನ ತುಟಿ ಬದನೆಕಾಯಿ. ನಡುವೆ ನಾನು, ಎರಡೂ ಕೈ ತೊಡೆಯ ಕೆಳಗಿಟ್ಟುಕೊಂಡು. ನಮ್ಮವರು ಎರಡೇ ಅಂಕಗಳಿಂದ ಸೋತರು. ಏಳನೇ ನಂಬರಣ್ಣ ಆಡಿದ್ದರೆ ಗೆಲ್ಲುತ್ತಿದ್ದರು. ಅದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅಂಕಣ ಖಾಲಿಯಾದ ಮೇಲೆ ಅವನು ಚೀಲದಿಂದ ನನ್ನ ಹಳದಿ ಮೆಗಾಫೋನು ತೆಗೆದು ಕೈಗಿಟ್ಟ. ಅಂಚಿನಲ್ಲಿ ಸೀಳು ಬಿಟ್ಟಿತ್ತು. "ಇದು ಕೂಗುವುದಕ್ಕೆ, ಚಿಬಿ," ಎಂದ. ಬೈಗುಳವೆಂದರೆ ಅಷ್ಟೇ.

ಈಗ ನೀವು ನಿಮ್ಮ ಮನೆಯ ಸೋಫಾದಲ್ಲಿ ಕುಳಿತು ಫೋನಿನಲ್ಲೇ ಪಂದ್ಯ ನೋಡುತ್ತೀರಿ. ಬೆವರಿನ ವಾಸನೆಯಿಲ್ಲ, ಹಲ್ಲು ಜಾರಿಕೊಂಡು ನಿಮ್ಮ ಕಾಲಬಳಿ ಬರುವುದಿಲ್ಲ. ಹೋದ ತಿಂಗಳು ಕೊನೆಯ ಎಸೆತ ತಪ್ಪಿಸಿದ ಆಟಗಾರನ ವಿಡಿಯೋ ಕೆಳಗೆ ನಿಮ್ಮಲ್ಲಿ ದೊಡ್ಡವನು ಏನೋ ಬರೆದು ಕಳಿಸಿ ಕಿಸಿಕಿಸಿ ನಕ್ಕದ್ದನ್ನು ನಾನು ನೋಡಿದೆ. ಬೈಯಲಿಲ್ಲ, ಬೈಯಲು ನನಗೆ ಯಾವ ಮುಖ? ಆದರೆ ನಾನು ಒಗೆದದ್ದು ಯಾರ ಮೂಗಿಗೆ ತಗುಲಿತೆಂದು ಕಣ್ಣಾರೆ ಕಂಡೆ. ನೀನು ಒಗೆದದ್ದು ಎಲ್ಲಿ ಹೋಗಿ ಬಿತ್ತೋ ನಿನಗೆ ಕಾಣುವುದೇ ಇಲ್ಲವಲ್ಲ ಮರೀ. ನನಗೆ ಅದೇ ಚಿಂತೆ.

ಇನ್ನು, ಯುಗಾದಿಗೆ ನಮಸ್ಕಾರ ಮಾಡಲು ಬಂದರೆ ತಾತ ಯಾಕೆ ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ ಎಂದು ಕೇಳುತ್ತಿದ್ದಿರಲ್ಲ, ಈಗ ಗೊತ್ತಾಯಿತೇ? ಈ ಸಲವೂ ಸರಿಯುತ್ತೇನೆ. ನೀವು ಪೂರ್ತಿ ಎದ್ದು ನಿಲ್ಲಿ. ಆಮೇಲೆ ನನ್ನ ಕೈ ನಿಮ್ಮ ತಲೆಯ ಮೇಲೆ ಬರುತ್ತದೆ, ಬುಗುಟೇನಾದರೂ ಇದೆಯೇ ಎಂದು ಒಮ್ಮೆ ತಡವಿಯೂ ನೋಡುತ್ತದೆ.